ಹುಳ ಜ್ವರಕ್ಕೆ ಕೂತಾಗ ಬರುತ್ತಿದ್ದ ಇಂಟರ್‌ನೆಟ್ಟು

ನಮ್ಮ ನಡುಮನೆಯ ಕಿಟಕಿ ಚೌಕಟ್ಟಿನ ಎಡಗಡೆ ಕೆಳಮೂಲೆಯಲ್ಲಿ ಕಿರುಬೆರಳು ತೂರುವಷ್ಟು ಒಂದು ತೂತಿದೆ. ಎಂಟು ತಿಂಗಳಿಂದ ಅದು ಇರುವೆಗಳ ಪಾಲಾಗಿದೆ. ಬೆಳಿಗ್ಗೆ ಸಾಲಾಗಿ ಒಳಗೆ ಬರುತ್ತವೆ, ಸಕ್ಕರೆ ಡಬ್ಬಿಯ ಯೋಗಕ್ಷೇಮ ವಿಚಾರಿಸಿಕೊಂಡು ಸಾಲಾಗಿ ಹೊರಗೆ ಹೋಗುತ್ತವೆ. ನಮ್ಮ ಯಜಮಾನರು ವಾರಕ್ಕೊಮ್ಮೆಯಾದರೂ, "ಅದಕ್ಕೊಂದಿಷ್ಟು ಸಿಮೆಂಟು ಮೆತ್ತಬಾರದೇನೇ?" ಎನ್ನುತ್ತಾರೆ. "ನಾಳೆ ಮೆತ್ತುತ್ತೇನೆ" ಎನ್ನುತ್ತೇನೆ. ಅವರು ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದವರು. ಕೌಂಟರಿನಲ್ಲಿ ಕೂತು ಅದೆಷ್ಟು ಜನರ ನಾಳೆಗಳನ್ನು ಕೇಳಿದ್ದಾರೋ, ಇನ್ನೊಂದು ಕೇಳಿ ಸುಮ್ಮನಾಗುತ್ತಾರೆ.

ಆ ತೂತು ಕೊರೆದವರು ಹೊನ್ನಣ್ಣ. ಪೂರ್ತಿ ಹೆಸರು ಗಂಗಹೊನ್ನಯ್ಯ, ಮಾಗಡಿ ತಾಲ್ಲೂಕಿನ ಗುಡೇಮಾರನಹಳ್ಳಿಯವರು. ರಾಮನಗರದ ನಮ್ಮ ಬಡಾವಣೆಗೆ ಟೆಲಿಫೋನ್ ಲೈನ್‌ಮನ್. ಇಪ್ಪತ್ತು ವರ್ಷದ ಹಿಂದೆ ನಮಗೆ ಫೋನು ಮಂಜೂರಾದಾಗ ಹೆಗಲಿಗೆ ತಂತಿಯ ಸುರುಳಿ ಹಾಕಿಕೊಂಡು ಬಂದಿದ್ದರು. ಕೈಯಲ್ಲಿ ತಿರುಗಿಸುವ ಬೈರಿಗೆಯೊಂದು ಇತ್ತು. ತೇಗದ ಚೌಕಟ್ಟು, ಅಷ್ಟು ಸುಲಭಕ್ಕೆ ಬಗ್ಗುವಂಥದ್ದಲ್ಲ. ಒಂದು ಗಂಟೆ ತಿರುಗಿಸಿದರು. ಮಧ್ಯೆ ಎರಡು ಸಲ ಕಾಫಿ ಕುಡಿದರು. "ಅಮ್ಮಾವ್ರೆ, ಈ ತೂತು ನಿಮ್ಮನೆ ಇರಗಂಟ ಇರ್ತೈತೆ" ಎಂದು ಭರವಸೆ ಕೊಟ್ಟರು. ಅವರು ಕೊಟ್ಟ ಭರವಸೆಗಳಲ್ಲಿ ಅದೊಂದು ಪೂರ್ತಿಯಾಗಿ ಈಡೇರಿದೆ.

ಫೋನೆಂದರೆ ನನಗೆ ಚಿಕ್ಕಂದಿನಿಂದ ಹುಚ್ಚು. ನನ್ನ ತವರು ಚನ್ನಪಟ್ಟಣ. ಅಪ್ಪ ಹಾಲೆ ಮರದ ಗೊಂಬೆಗಳನ್ನು ಕಡೆದು ಅರಗಿನ ಬಣ್ಣ ಹಚ್ಚುವ ಕೆಲಸ ಮಾಡುತ್ತಿದ್ದರು. ಒಂದು ವರ್ಷ ಯಾರೋ ಆಟದ ಫೋನುಗಳನ್ನು ಮಾಡಿಕೊಡಲು ಹೇಳಿದ್ದರಂತೆ. ಕೆಂಪು ಪೆಟ್ಟಿಗೆ, ಹಳದಿ ರಿಸೀವರು, ನಡುವೆ ಒಂದು ನೂಲು. ತಾಳೆಗರಿ ಒತ್ತಿ ಹೊಳಪು ಕೊಟ್ಟ ಮೇಲೆ ಮುಖ ಕಾಣುವಷ್ಟು ಮಿರಮಿರ ಮಿನುಗುತ್ತಿದ್ದವು. ಪ್ರತಿಯೊಂದನ್ನೂ ಪರೀಕ್ಷೆ ಮಾಡುವ ಜವಾಬ್ದಾರಿಯನ್ನು ಯಾರೂ ಹೇಳದೆ ನಾನೇ ವಹಿಸಿಕೊಂಡಿದ್ದೆ. ಒಂದೊಂದನ್ನೇ ಕಿವಿಗಿಟ್ಟುಕೊಂಡು "ಹಲೋ, ಊಟ ಆಯ್ತಾ? ಏನು ಸಾರು?" ಎಂದು ಕೇಳಿ, ಆ ಕಡೆಯ ಉತ್ತರ ನಾನೇ ಕಲ್ಪಿಸಿಕೊಂಡು, "ಹಾಗಾದ್ರೆ ಇಡ್ತೀನಿ" ಎಂದು ಬುಟ್ಟಿಗೆ ಹಾಕುತ್ತಿದ್ದೆ. ಅರವತ್ತು ಫೋನಿಗೆ ಅರವತ್ತು ಸಾರು. ಅವಳ ಕಿವಿಗೆ ಬಣ್ಣ ಮೆತ್ತಿದೆ ನೋಡಿ ಎಂದು ಅಮ್ಮ ಗದರಿದರೆ ಅಪ್ಪ, "ಇರಲಿ ಬಿಡೇ, ಮಾಲು ಚೆಕ್ ಆಗ್ತಾ ಇದೆ" ಎನ್ನುತ್ತಿದ್ದರು.

ಅಂಥವಳ ಮನೆಗೆ ನಿಜವಾದ ಫೋನು ಬಂದು, ಮೊದಲ ದಿನವೇ ಹೊನ್ನಣ್ಣ ಅದನ್ನು ಪರೀಕ್ಷಿಸಿದ ರೀತಿ ನೋಡಿ ನನಗೆ ನಗು ತಡೆಯಲಾಗಲಿಲ್ಲ. ನಮ್ಮ ಮನೆ ಎದುರಿಗೇ ಕಂಬ. ಅದನ್ನು ಹತ್ತಿ, ಸೊಂಟದಲ್ಲಿ ತೂಗುಹಾಕಿಕೊಂಡಿದ್ದ ಪರೀಕ್ಷೆಯ ಫೋನನ್ನು ತಂತಿಗೆ ಸಿಕ್ಕಿಸಿ, ಅಲ್ಲಿಂದಲೇ ಬೀದಿಗೆಲ್ಲ ಕೇಳುವಂತೆ "ಎತ್ತೀ ಅಮ್ಮಾವ್ರೆ!" ಎಂದು ಕೂಗಿದರು. ನಾನು ಎತ್ತಿದೆ. ಅವರ ದನಿ ಒಂದು ಕಿವಿಗೆ ಫೋನಿನಿಂದಲೂ ಇನ್ನೊಂದು ಕಿವಿಗೆ ಕಿಟಕಿಯಿಂದಲೂ ಬರುತ್ತಿತ್ತು.

"ಕೇಳ್ತಾ ಐತಾ?"

"ಕೇಳ್ತಾ ಇದೆ."

"ಸದ್ದೇನಾರ ಐತಾ?"

"ಎರಡೆರಡು ಸಲ ಕೇಳುತ್ತೆ ಹೊನ್ನಣ್ಣ."

"ಕಿಟ್ಕಿ ಹಾಕ್ಕಳಿ. ಒಂದ್ಸತಿ ಆಯ್ತದೆ."

ಐದಾರು ವರ್ಷ ಕಳೆದ ಮೇಲೆ ಅದೇ ತಂತಿಯೊಳಗೆ ಇಂಟರ್‌ನೆಟ್ಟೂ ಬಂತು. ಒಂದು ಬಿಳಿ ಪೆಟ್ಟಿಗೆ, ಅದಕ್ಕೆ ನಾಲ್ಕು ಹಸಿರು ದೀಪ. ಮೂರನೆಯದು ಮಿನುಗದೆ ನೆಟ್ಟಗೆ ಉರಿದರೆ ನೆಟ್ಟು ಇದೆ, ಮಿನುಗಿದರೆ ಇಲ್ಲ. ನನ್ನ ಕೆಲಸ ಕರಡು ತಿದ್ದುವುದು. ಬೆಂಗಳೂರಿನ ಒಬ್ಬ ಪ್ರಕಾಶಕರಿಗೆ ಶಾಲಾ ಮಕ್ಕಳ ಗೈಡುಗಳ ಅಚ್ಚಿನ ತಪ್ಪು ಹಿಡಿದು ಕೊಡುತ್ತೇನೆ. ಮೊದಲು ಕಾಗದದ ಕಟ್ಟು ಬಸ್ಸಿನಲ್ಲಿ ಹೋಗಿ ಬರುತ್ತಿತ್ತು. ಆಮೇಲೆ ಎಲ್ಲವೂ ಈ ಪೆಟ್ಟಿಗೆಯ ಮೂಲಕ. ಮಿಕ್ಕವರು ಬೆಳಿಗ್ಗೆ ಎದ್ದು ದೇವರ ದೀಪ ನೋಡಿದರೆ ನಾನು ಆ ಮೂರನೆಯ ದೀಪ ನೋಡುತ್ತಿದ್ದೆ.

ಅದು ಮಿನುಗಲು ಕಾರಣ ಬೇಕಿರಲಿಲ್ಲ. ಮಳೆ ಬಂದರೆ ಮಿನುಗುತ್ತಿತ್ತು, ಬಿಸಿಲು ಹೆಚ್ಚಾದರೂ ಮಿನುಗುತ್ತಿತ್ತು. ಪಕ್ಕದ ಬೀದಿಯಲ್ಲಿ ಮೋರಿ ಅಗೆದರೆ ಸತ್ತೇ ಹೋಗುತ್ತಿತ್ತು. ಕಂಬದಿಂದ ಮನೆಯವರೆಗಿನ ತಂತಿಯಲ್ಲಿ ಹನ್ನೊಂದು ಗಂಟು. ಪ್ರತಿ ಗಂಟಿಗೂ ಹೊನ್ನಣ್ಣ ಹಾಲಿನ ಪ್ಯಾಕೆಟ್ಟಿನ ಕವರು ಸುತ್ತಿ ಕಟ್ಟಿದ್ದರು. ದೂರದಿಂದ ನೋಡಿದರೆ ನಮ್ಮ ಮನೆಗೆ ತೋರಣ ಕಟ್ಟಿದ ಹಾಗಿತ್ತು. ದೂರು ಕೊಡುವ ನಂಬರಿಗೆ ಫೋನು ಮಾಡಿದರೆ ಧ್ವನಿಮುದ್ರಿತ ಹೆಂಗಸೊಬ್ಬಳು ಒಂದು ಒತ್ತಿ, ಎರಡು ಒತ್ತಿ ಎಂದು ನನ್ನಿಂದ ಹರಕೆ ತೀರಿಸಿದಂತೆ ಎಲ್ಲ ಗುಂಡಿಗಳನ್ನೂ ಒತ್ತಿಸಿ, ಕೊನೆಗೆ ನಿಮ್ಮ ದೂರು ದಾಖಲಾಗಿದೆ ಎನ್ನುತ್ತಿದ್ದಳು. ದಾಖಲಾದ ದೂರನ್ನು ತೆಗೆದುಕೊಂಡು ಬರಬೇಕಾದವರು ಕೊನೆಗೂ ಹೊನ್ನಣ್ಣನೇ.

ಹೊನ್ನಣ್ಣನೋ, ಅಷ್ಟು ಹೊತ್ತಿಗೆ ಊರು ಸೇರಿಬಿಟ್ಟಿದ್ದರು. ಫೋನುಗಳು ತುಂಬಿ ತುಳುಕುತ್ತಿದ್ದ ಕಾಲದಲ್ಲಿ ಅವರು ರಾಮನಗರದಲ್ಲೇ ಒಂದು ಕೋಣೆ ಮಾಡಿಕೊಂಡಿದ್ದರು. ಎಲ್ಲರ ಕೈಗೂ ಮೊಬೈಲು ಬಂದು ಲೈನುಗಳು ಒಂದೊಂದೇ ಕಳಚಿದ ಹಾಗೆ, ಲೈನುಗಳ ರಿಪೇರಿ ವಹಿಸಿಕೊಂಡ ಗುತ್ತಿಗೆಯವರು ಬಾ ಎಂದಾಗ ಬಂದರೆ ಸಾಕು ಎಂದಾಯಿತು. ಅವರು ಗುಡೇಮಾರನಹಳ್ಳಿಗೆ ಹೋಗಿ ಇದ್ದ ನೆಲಕ್ಕೆ ಹಿಪ್ಪುನೇರಳೆ ಹಾಕಿ ರೇಷ್ಮೆ ಹುಳ ಸಾಕತೊಡಗಿದರು. ಅಲ್ಲಿಂದ ಮುಂದೆ ನಮ್ಮ ಮನೆಯ ಇಂಟರ್‌ನೆಟ್ಟು ಹುಳದ ಪಂಚಾಂಗ ಅನುಸರಿಸತೊಡಗಿತು.

ರಾಮನಗರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೊರಗಿನವರಿಗಾಗಿ ಹೇಳುತ್ತೇನೆ. ರೇಷ್ಮೆ ಹುಳ ತನ್ನ ಆಯುಸ್ಸಿನಲ್ಲಿ ನಾಲ್ಕು ಸಲ ಸೊಪ್ಪು ಬಿಟ್ಟು, ತಲೆಯೆತ್ತಿ, ಅಲುಗಾಡದೆ ಕೂತು ಪೊರೆ ಕಳಚುತ್ತದೆ. ಅದಕ್ಕೆ ಜ್ವರ ಎನ್ನುತ್ತಾರೆ. ಜ್ವರಕ್ಕೆ ಕೂತ ಹುಳಕ್ಕೆ ಸೊಪ್ಪು ಬೇಡ, ಆದ್ದರಿಂದ ಸಾಕುವವನಿಗೂ ಒಂದು ದಿನದ ಬಿಡುವು. ನಾಲ್ಕನೇ ಜ್ವರದಿಂದ ಎದ್ದ ಮೇಲೆ ಮಾತ್ರ ಏಳೆಂಟು ದಿನ ಅವು ತಿನ್ನುವ ಪರಿ ಬೇರೆ. ಮನೆಮಂದಿಯೆಲ್ಲ ಸೊಪ್ಪು ಕೊಯ್ದು ಹಾಕುತ್ತಲೇ ಇರಬೇಕು. ಆಮೇಲೆ ಹುಳ ಹಣ್ಣಾಗಿ, ಚಂದ್ರಿಕೆ ಎಂಬ ಬಿದಿರಿನ ತಟ್ಟಿಗೆ ಏರಿ ಗೂಡು ಕಟ್ಟುತ್ತದೆ. ಹೊನ್ನಣ್ಣ ಬರುವುದಿದ್ದರೆ ಜ್ವರದ ದಿನ ಬರುತ್ತಿದ್ದರು, ಇಲ್ಲವೇ ಗೂಡು ಬಿಡಿಸಿ ಮಾರುಕಟ್ಟೆಗೆ ತಂದ ದಿನ. ನಡುವೆ ನಾನು ಫೋನು ಮಾಡಿದರೆ ಸಿಗುತ್ತಿದ್ದ ಉತ್ತರ ಒಂದೇ: "ಹುಳ ಮೇಯ್ತಾವೆ ಅಮ್ಮಾವ್ರೆ. ಒಸಿ ತಡೀರಿ, ಜ್ವರಕ್ಕೆ ಕೂತೇಟ್ಗೆ ಬತ್ತೀನಿ."

ಒಮ್ಮೆ ನೆಂಟರ ಜೊತೆ ಸಾವನದುರ್ಗಕ್ಕೆ ಹೋದವರು ಹಾಗೇ ಮಾಗಡಿ ದಾಟಿ ಅವರ ಊರಿಗೂ ಹೋಗಿದ್ದೆವು. ಹುಳದ ಮನೆಯೊಳಗೆ ಹೊರಗಿನವರನ್ನು ಬಿಡುವುದಿಲ್ಲ. ಸೋಂಕು ತಗಲೀತು ಎಂಬ ಭಯ. ಹೊಸ್ತಿಲಾಚೆ ಹಾಕಿದ್ದ ಸುಣ್ಣದ ಪುಡಿಯ ಈಚೆಗೆ ನಿಂತು ಇಣುಕಿದೆ. ಒಳಗೆ ತಟ್ಟೆತಟ್ಟೆಯಲ್ಲೂ ಹುಳ. ಅವು ಮೇಯುವ ಸದ್ದು ಸಣ್ಣಗೆ ಮಳೆ ಹಿಡಿದಂತೆ ಕೇಳುತ್ತಿತ್ತು. ಹೊನ್ನಣ್ಣನ ಹೆಂಡತಿ ಸೊಪ್ಪು ಹರಡುತ್ತಾ ತಲೆಯೆತ್ತಲೂ ಪುರುಸೊತ್ತಿಲ್ಲದೆ, "ಕುಂತ್ಕಳಿ ಕಣಮ್ಮ, ಬಂದೆ" ಎಂದಳು, ಬರಲಿಲ್ಲ. ಹೊನ್ನಣ್ಣ ಬೆವರೊರೆಸಿಕೊಂಡು, "ಇವ್ನೆಲ್ಲ ಬುಟ್ಟು ನಿಮ್ ಲೈನ್ ನೋಡಕ್ಕೆ ಎಂಗ್ ಬರನ, ನೀವೇ ಹೇಳಿ?" ಎಂದರು. ನಾನು ಬರಬೇಡಿ ಎಂದೇ ಹೇಳಿದೆ. ಆಮೇಲೆ ಪ್ರಕಾಶಕರಿಗೂ, "ಪುಟಗಳು ಮಂಗಳವಾರ ಬರುತ್ತವೆ ಸಾರ್, ಹುಳ ಸೋಮವಾರ ಜ್ವರಕ್ಕೆ ಕೂರುತ್ತವೆ" ಎಂದು ಹೇಳುವುದನ್ನು ಕಲಿತೆ. ಅವರು ಮೊದಲ ಸಲ ನನ್ನ ಆರೋಗ್ಯ ವಿಚಾರಿಸಿದರು.

ಹೀಗೆ ನಗುನಗುತ್ತಲೇ ವರ್ಷಗಳು ಹೋದವು ಎಂದು ಬರೆದರೆ ಸುಳ್ಳಾಗುತ್ತದೆ. ನನಗೆ ಸಾಕಾಗುತ್ತಾ ಬಂತು. ಪೆನ್‌ಡ್ರೈವ್ ಹಿಡಿದುಕೊಂಡು ಬಿಸಿಲಲ್ಲಿ ಬಸ್‌ಸ್ಟ್ಯಾಂಡಿನ ಹತ್ತಿರದ ಕಂಪ್ಯೂಟರ್ ಅಂಗಡಿಗೆ ಹೋಗಿ, ಅಂಕಪಟ್ಟಿ ಜೆರಾಕ್ಸಿಗೆ ನಿಂತವರ ಹಿಂದೆ ನಿಂತು, ಎಂಟನೇ ತರಗತಿಯ ಸಮಾಜ ವಿಜ್ಞಾನ ಕಳಿಸಿ ಬರುವುದು. ಮನೆಗೆ ಬಂದು ಚಪ್ಪಲಿ ಬಿಡುವಾಗ ಮೂರನೆಯ ದೀಪ ನೆಟ್ಟಗೆ ಉರಿಯುತ್ತಿರುವುದು. ಕೂತು ಕೆಲಸ ಶುರು ಮಾಡಿದ ಕೂಡಲೇ ಮತ್ತೆ ಮಿನುಗುವುದು. ಕೋಪ ಬಂದರೆ ಎಷ್ಟೋ ವಾಸಿ, ಬೈದು ಹಗುರಾಗಬಹುದು. ನನಗೆ ಕೋಪವೂ ಬಾರದೆ ಬರೀ ದಣಿವಾಗುತ್ತಿತ್ತು. ಆ ಪೆಟ್ಟಿಗೆಯ ಮುಂದೆ ಕೈಕಟ್ಟಿ ಕೂತೇ ನನಗೆ ಐವತ್ತೆಂಟಾಯಿತೇನೋ ಅನ್ನಿಸುತ್ತಿತ್ತು.

"ಎಲ್ಲರ ಮನೆಗೂ ಕೇಬಲ್ಲಿನವರದ್ದೇ ನೆಟ್ಟು ಬಂದಿದೆ" ಎಂದರು ಯಜಮಾನರು. "ಸಾದಿಕ್‌ಗೆ ಒಂದು ಮಾತು ಹೇಳಿದರೆ ಅರ್ಧ ಗಂಟೆಯಲ್ಲಿ ಹಾಕಿಕೊಡ್ತಾರೆ. ನೀನ್ಯಾಕೆ ಹೀಗೆ ಹಿಂಸೆ ಪಡ್ತೀಯ?"

ಯಾಕೆ ಎನ್ನುವುದು ಅವರಿಗೂ ಗೊತ್ತಿತ್ತು. ಹಿಂದಿನ ಸಲ ಬಂದಾಗ ಹೊನ್ನಣ್ಣ ಬೀದಿ ಕೊನೆಯ ಹಸಿರು ಡಬ್ಬಿ ತೆರೆದು ತೋರಿಸಿದ್ದರು. ಒಳಗೆ ನೂರಾರು ತಂತಿಗಳು ತಲೆಗೂದಲು ಉದುರಿದ ಹಾಗೆ ಕೆಳಗೆ ಬಿದ್ದಿದ್ದವು. "ಈ ಡಬ್ಬಿಗೆ ನಿಮ್ದೊಂದೇಯ ಅಮ್ಮಾವ್ರೆ ಉಳ್ದಿರದು" ಎಂದರು. "ಒಂದು ಲೈನ್ ಇರಗಂಟ ಗುತ್ತಿಗೆಯೋರ ಪಟ್ಟೀಲಿ ನನ್ ಹೆಸ್ರು ಐತೆ. ಅದೂ ಹೋದ್ರೆ ನಂಗೆ ಈ ಪ್ಯಾಟೇಲಿ ಏನ್ ಕೆಲ್ಸ?" ದೂರುವ ದನಿಯಲ್ಲಿ ಹೇಳಲಿಲ್ಲ. ಡಬ್ಬಿಯ ಬಾಗಿಲು ಮುಚ್ಚಿ, ಬೀಗ ಹಾಳಾಗಿದ್ದರಿಂದ ತಂತಿಯ ತುಂಡಿನಿಂದ ಕಟ್ಟಿ, ನಮ್ಮ ಮನೆಯಲ್ಲಿ ಉಪ್ಪಿಟ್ಟು ತಿಂದು ಹೋದರು. ಅಂದಿನಿಂದ ಆ ಒಂದು ಹೆಸರು ನನ್ನ ಕೊರಳಿಗೆ ಬಿತ್ತು.

ಹೋದ ಸಲದ ಮುಂಗಾರಿನ ಹೊತ್ತಿಗೆ ಪ್ರಕಾಶಕರು ಮೆತ್ತಗೆ ಹೇಳಿದರು: ಮೇಡಂ, ನಿಮ್ಮ ಕಣ್ಣಿಗೆ ತಪ್ಪು ತಪ್ಪಿಸಿಕೊಳ್ಳುವುದಿಲ್ಲ, ಅದು ನಿಜ, ಆದರೆ ಪುಟಗಳು ನಿಮ್ಮಿಂದಲೇ ತಪ್ಪಿಸಿಕೊಳ್ಳುತ್ತಿವೆ, ಹೀಗಾದರೆ ನಾನು ಬೇರೆಯವರನ್ನು ನೋಡಬೇಕಾಗುತ್ತದೆ. ಆ ಸಂಜೆಯೇ ಸಾದಿಕ್‌ರಿಗೆ ಫೋನು ಮಾಡಿದೆ. ನಮ್ಮ ಟಿವಿಗೆ ಮೊದಲಿಂದ ಕೇಬಲ್ ಕೊಟ್ಟವರು ಅವರೇ. ನನ್ನ ಓರಗೆಯವರು, ಮಾತು ಬಹಳ ಮೃದು.

"ಫಿಕರ್ ಮಾಡ್ಬೇಡಿ ಮೇಡಂ, ನಾಳೆನೇ ಬಂದ್ಬಿಡ್ತೀನಿ."

"ನಾಳೆ ಬೇಡ ಸಾದಿಕ್ ಭಾಯ್. ಮುಂದಿನ ವಾರ... ಶುಕ್ರವಾರ ಬನ್ನಿ."

"ಒಳ್ಳೆ ದಿನ ನೋಡಿದ್ರಾ ಮೇಡಂ?"

"ಹೂಂ, ನೋಡಿದೆ" ಎಂದೆ.

ನೋಡಿದ್ದು ನಿಜ. ಆ ಮಂಗಳವಾರ ಹೊನ್ನಣ್ಣ ಬಂದು ಹನ್ನೆರಡನೆಯ ಗಂಟು ಹಾಕಿ ಹೋಗಿದ್ದರು. ಹುಳ ಮೂರನೇ ಜ್ವರಕ್ಕೆ ಕೂತಿವೆ ಎಂದಿದ್ದರು. ಬುಧವಾರ ಏಳುತ್ತವೆ. ನಾಲ್ಕು ದಿನ ಮೇಯುತ್ತವೆ. ಸೋಮವಾರ ನಾಲ್ಕನೇ ಜ್ವರ, ಮಂಗಳವಾರ ಏಳುತ್ತವೆ. ಅಲ್ಲಿಂದ ಏಳು ದಿನ ಆ ಮನುಷ್ಯ ಗುಡೇಮಾರನಹಳ್ಳಿ ಬಿಟ್ಟು ಕದಲುವ ಹಾಗಿಲ್ಲ. ಶುಕ್ರವಾರ ಆ ಏಳು ದಿನದ ನಟ್ಟನಡುವೆ. ಕರಡು ತಿದ್ದುವ ಕೆಂಪು ಪೆನ್ನಿನಲ್ಲೇ ಕ್ಯಾಲೆಂಡರಿನ ಮೇಲೆ ಗುರುತು ಹಾಕಿಕೊಂಡೆ. ಅವರಿಲ್ಲದ ಹೊತ್ತಿನಲ್ಲಿ ಕೇಬಲ್ ಬಂದು ಕೂತುಬಿಡಲಿ, ಮುಂದೆ ಯಾವತ್ತಾದರೂ ಸಮಯ ನೋಡಿ ಮೆಲ್ಲಗೆ ಹೇಳೋಣ, ಅಲ್ಲಿಯವರೆಗೆ ಹಳೆಯ ಲೈನೂ ಇರಲಿ ಎಂದು ನನ್ನ ಯೋಜನೆ. ಅವರ ಹುಳಗಳನ್ನೇ ಅವರ ವಿರುದ್ಧ ನಿಲ್ಲಿಸಿದ್ದೆ. ಆ ಜಾಣತನಕ್ಕೆ ಒಳಗೊಳಗೇ ಹಿಗ್ಗಿಯೂ ಇದ್ದೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಶುಕ್ರವಾರ ಹನ್ನೊಂದು ಗಂಟೆಗೆ ಸಾದಿಕ್ ಬಂದರು. ಮೂಲೆಮನೆಯ ತಾರಸಿಯಿಂದ ಕಪ್ಪು ಕೇಬಲ್ ಎಳೆದು, ಮೆಷಿನ್ನಿನಿಂದ ಗೋಡೆಗೆ ಡರ್ರೆಂದು ಅರ್ಧ ನಿಮಿಷದಲ್ಲಿ ಹೊಸ ತೂತು ಕೊರೆದು, ಹೊಸ ಪೆಟ್ಟಿಗೆ ಇಟ್ಟು, ಅದೇನೋ ಸರಿಮಾಡಲು ನಮ್ಮ ತಾರಸಿಗೆ ಹೋದರು. ನಾನು ಗೋಡೆಯ ಪುಡಿ ಗುಡಿಸಿ ಬಾಗಿಲಾಚೆ ಚೆಲ್ಲಲು ಬಂದೆ. ಗೇಟಿನ ಹೊರಗೆ ಮೊಪೆಡ್ಡಿನ ಸದ್ದು.

ಹೊನ್ನಣ್ಣ ನಿಂತಿದ್ದರು. ಹೆಗಲ ಮೇಲೆ ತಂತಿಯ ಸುರುಳಿ. ಹೊಸದು, ಒಂದು ಗಂಟೂ ಇಲ್ಲದ್ದು.

ನನ್ನ ಕೈಯಲ್ಲಿ ಪೊರಕೆ, ಮೊರ. ಅವರ ಕಣ್ಣು ತಾರಸಿಯ ಕೇಬಲ್ಲಿನ ಜೊತೆಗೇ ಇಳಿದು ಹೊಸ ತೂತಿನವರೆಗೆ ಬಂದು ನಿಂತಿತು.

"ಕೇಬಲ್ ಆಕಿಸ್ತಿದ್ದೀರಾ ಅಮ್ಮಾವ್ರೆ?"

ಇದಕ್ಕಾಗಿ ನಾನು ವರ್ಷದಿಂದ ಎಷ್ಟು ವಾಕ್ಯ ಜೋಡಿಸಿಟ್ಟುಕೊಂಡಿರಲಿಲ್ಲ! ಒಂದೊಂದನ್ನೂ ತಿದ್ದಿ ತೀಡಿದ್ದೆ. ಬಾಯಿಂದ ಬಂದದ್ದು ಮಾತ್ರ, "ಟಿವಿಗೆ ಹೊನ್ನಣ್ಣ, ಟಿವಿಗೆ" ಎಂದು.

ಅಷ್ಟರಲ್ಲಿ ತಾರಸಿಯಿಂದ ಸಾದಿಕ್‌ರ ದನಿ ಬಂತು. "ಮೇಡಂ, ನೆಟ್ಟು ಬಂತಾ ನೋಡಿ ಸ್ವಲ್ಪ! ಕಂಪ್ಯೂಟರ್ ಆನ್ ಮಾಡಿ!"

ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಹೊನ್ನಣ್ಣ ನನ್ನ ಮುಖ ನೋಡಲಿಲ್ಲ. ಸುರುಳಿಯನ್ನು ಹೆಗಲಿಂದ ಇಳಿಸಿ ಕಾಂಪೌಂಡಿನ ಮೇಲಿಟ್ಟರು. ಏನಾದರೂ ಮಾತಾಡಬೇಕಲ್ಲ ಎಂದು ನಾನು, "ನೀವು ಹೇಗೆ ಬಂದ್ರಿ? ಹುಳ ಈಗ ಮೇಯ್ತಾ ಇರಬೇಕಲ್ಲ, ನಾಲ್ಕನೇ ಜ್ವರ ಎದ್ದು?" ಎಂದೆ.

ಅವರು ನನ್ನತ್ತ ನೋಡಿದರು. ಲೆಕ್ಕ ನನಗೆ ಬಾಯಿಪಾಠವಾಗಿದ್ದುದು ಅವರಿಗೆ ಅರ್ಥವಾಯಿತೋ ಏನೋ, ನನಗೆ ಇವತ್ತಿಗೂ ಗೊತ್ತಿಲ್ಲ.

"ಹುಳ ಇಲ್ಲ ಅಮ್ಮಾವ್ರೆ" ಎಂದರು. "ಸಪ್ಪೆ ರೋಗ ಬಿದ್ದೋಯ್ತು. ಜ್ವರ ಎದ್ದವು, ಸೊಪ್ಪು ಮುಟ್ನಿಲ್ಲ. ನೆನ್ನೆ ಎಲ್ಲಾನೂ ಗುಂಡಿ ತೋಡಿ, ಸುಣ್ಣ ಆಕಿ ಮುಚ್ಚಿದ್ದಾಯ್ತು. ಮನೇಲಿ ಕುಂತು ಏನ್ ಮಾಡನ ಅಂತ... ಆಪೀಸ್ನಾಗೆ ಆರು ತಿಂಗ್ಳಿಂದ ಕೇಳ್ತಿದ್ದೆ, ಹೊಸ ವೈರ್ ಕೊಡ್ರಪ್ಪ ಅಂತ. ಬೆಳಗ್ಗೆ ಕೊಟ್ರು. ಅಮ್ಮಾವ್ರದಾದ್ರೂ ಒಂದ್ ಸರಿ ಮಾಡ್ಬುಡನ ಅಂತ ಬಂದೆ."

ಅವರ ಉಗುರು ಸಂದಿಗಳಲ್ಲಿ ಸುಣ್ಣ ಇನ್ನೂ ಬೆಳ್ಳಗಿತ್ತು.

ನಾನು ಎಲ್ಲವನ್ನೂ ಲೆಕ್ಕ ಹಾಕಿದ್ದೆ. ಜ್ವರದ ದಿನ, ಏಳುವ ದಿನ, ಮೇಯುವ ದಿನ. ಹುಳ ಸಾಯಬಹುದು ಎಂಬುದೊಂದು ನನ್ನ ತಲೆಗೆ ಹೊಳೆದಿರಲಿಲ್ಲ. ಇಪ್ಪತ್ತು ವರ್ಷದಿಂದ ಬಲ್ಲ ಮನುಷ್ಯನ ಬದುಕನ್ನು ನನ್ನ ಅನುಕೂಲಕ್ಕೆ ತಕ್ಕ ಕ್ಯಾಲೆಂಡರು ಮಾಡಿಕೊಂಡಿದ್ದೆ. "ಒಳಗೆ ಬನ್ನಿ, ಕಾಫಿ ಮಾಡ್ತೀನಿ" ಎಂದೆ. "ಇವತ್ತು ಬ್ಯಾಡ. ಮನೇಲಿ ಅವ್ಳೊಬ್ಳೇ ಕುಂತವ್ಳೆ" ಎಂದರು. ಹೊರಡುತ್ತಾರೆ ಎಂದುಕೊಂಡೆ. ಹೊರಡಲಿಲ್ಲ. ಸುರುಳಿ ಎತ್ತಿಕೊಂಡು ಕಂಬದ ಕಡೆ ನಡೆದರು.

ಅಷ್ಟರಲ್ಲಿ ಸಾದಿಕ್ ಕೆಳಗಿಳಿದು ಬಂದಿದ್ದರು. ಇಬ್ಬರೂ ಇದೇ ಬೀದಿಗಳಲ್ಲಿ ತಂತಿ ಎಳೆದವರು, ಒಬ್ಬರನ್ನೊಬ್ಬರು ಬಲ್ಲರು. ಸಾದಿಕ್ ಏನನ್ನೂ ಕೇಳದೆ ತಮ್ಮ ಏಣಿ ತಂದು ಕಂಬಕ್ಕೆ ಒರಗಿಸಿ ಹಿಡಿದುಕೊಂಡರು. "ಹತ್ತಿ ಹೊನ್ನಣ್ಣ, ನಾನಿದ್ದೀನಿ." ಹೊನ್ನಣ್ಣ ಒಂದೊಂದೇ ಮೆಟ್ಟಿಲು, ಮಂಡಿ ಹಿಡಿದುಕೊಂಡು ಹತ್ತಿದರು. ಹಾಲಿನ ಕವರಿನ ತೋರಣವನ್ನು ಬಿಚ್ಚಿ ಕೆಳಗೆ ಬಿಟ್ಟರು. ಹೊಸ ತಂತಿಯನ್ನು ಬಿಗಿದರು. ಇಳಿದು ಬಂದು ಅದರ ಇನ್ನೊಂದು ತುದಿಯನ್ನು ತಾವೇ ಕೊರೆದಿದ್ದ ತೂತಿನೊಳಗೆ ತೂರಿಸಿ ಹಳೆಯ ಫೋನಿಗೆ ಸೇರಿಸಿದರು. ಮತ್ತೆ ಹತ್ತಿದರು. ಆಮೇಲೆ ಬೀದಿಗೆಲ್ಲ ಕೇಳುವಂತೆ ಅದೇ ಕೂಗು:

"ಎತ್ತೀ ಅಮ್ಮಾವ್ರೆ!"

ಎತ್ತಿದೆ.

"ಕೇಳ್ತಾ ಐತಾ?"

"ಕೇಳ್ತಾ ಇದೆ ಹೊನ್ನಣ್ಣ."

"ಸದ್ದೇನಾರ ಐತಾ?"

ಇರಲಿಲ್ಲ. ಇಷ್ಟು ವರ್ಷದಲ್ಲಿ ಆ ಲೈನು ಯಾವತ್ತೂ ಅಷ್ಟು ತಿಳಿಯಾಗಿದ್ದದ್ದೇ ಇಲ್ಲ. ಅವರ ಉಸಿರು, ಏಣಿ ಹತ್ತಿದ ಏದುಸಿರು, ನನ್ನ ಕಿವಿಯ ಪಕ್ಕದಲ್ಲೇ ಕೇಳುತ್ತಿತ್ತು. ನೆಟ್ಟಿನ ಹಳೆಯ ಪೆಟ್ಟಿಗೆಯ ಕಡೆ ನೋಡಿದೆ. ಮೂರನೆಯ ದೀಪ ಅಲುಗದೆ ಉರಿಯುತ್ತಿತ್ತು.

"ಇಲ್ಲ. ಏನೂ ಸದ್ದಿಲ್ಲ."

"ಹಂಗಾದ್ರೆ ಸರಿ" ಎಂದರು. ಕಿಟಕಿಯಲ್ಲಿ ನೋಡಿದರೆ ಅವರು ಆ ಕಡೆಗೆ, ರೈಲ್ವೆ ಹಳಿಯ ಕಡೆಗೆ ಮುಖ ಮಾಡಿಕೊಂಡಿದ್ದರು. ಕೊನೆಗೆ ಅವರೇ ಕೇಳಿದರು. "ಈಗ ಏನ್ ಮಾಡನ ಅಮ್ಮಾವ್ರೆ? ಇರ್ಲಾ, ಕಿತ್ಬುಡ್ಲಾ?"

ಎದುರಿಗೆ ನಿಂತಿದ್ದರೆ ಇರಲಿ ಎಂದುಬಿಡುತ್ತಿದ್ದೆ. ಖಂಡಿತ ಎಂದುಬಿಡುತ್ತಿದ್ದೆ, ಇನ್ನು ನಾಲ್ಕು ವರ್ಷ ಎರಡೂ ಲೈನು ಇಟ್ಟುಕೊಂಡು ಕದ್ದುಮುಚ್ಚಿ ಬದುಕುತ್ತಿದ್ದೆ. ಫೋನಿನಲ್ಲಿ ಮುಖ ಕಾಣುವುದಿಲ್ಲವಲ್ಲ.

"ಹೊನ್ನಣ್ಣ, ನನಗೆ ಸಾಕಾಗಿದೆ" ಎಂದೆ. "ನಿಮ್ಮ ಮೇಲೆ ಕೋಪ ಅಲ್ಲ. ಸಾಕಾಗಿದೆ ಅಷ್ಟೆ."

"ನಂಗೂ ಸಾಕಾಗೈತೆ ಕಣಮ್ಮ" ಎಂದಿತು ಆ ಕಡೆಯ ದನಿ. ಅಮ್ಮಾವ್ರೆ ಎನ್ನುವುದು ಮರೆತು ಮನೆಯವರಿಗೆ ಹೇಳಿದ ಹಾಗೆ ಹೇಳಿದರು. "ಕಂಬ ಅತ್ತಿ ಅತ್ತಿ ಮಂಡಿ ಓಗವೆ. ನಿಮ್ದೊಂದು ಐತಲ್ಲ, ಅದೊಂದು ಇರಗಂಟ ಬುಡಬಾರ್ದು ಅಂತ ಬತ್ತಿದ್ದೆ. ನೀವೂ ಹೊನ್ನಣ್ಣ ಅವ್ನೆ ಅಂತ ಇಟ್ಕಂಡಿದ್ರಿ. ಇಬ್ರೂ ಒಬ್ರಿಗೊಬ್ರು ಹೇಳ್ನಿಲ್ಲ, ಅಷ್ಟೇಯ."

ನಾನು ಸೆರಗಿನಿಂದ ಮೂಗೊರೆಸಿಕೊಂಡೆ. "ಹಾಗಾದ್ರೆ ಈ ಹೊಸ ವೈರ್ ಯಾಕೆ ಹಾಕಿದ್ರಿ? ಕೇಬಲ್ ನೋಡಿದ ಮೇಲೂ?"

"ಕೆಟ್ಟೋಗಿತ್ತು ಅಂತ ಬುಟ್ರು ಅನ್ನಂಗೆ ಆಗ್ಬಾರ್ದು" ಎಂದರು. "ಚೆನ್ನಾಗಿರ ಲೈನ್ನೇ ಬುಟ್ರು ಅಂತ ಇರ್ಲಿ."

"ಕಿತ್ತುಬಿಡಿ ಹೊನ್ನಣ್ಣ" ಎಂದೆ.

ಟಕ್ ಎಂದಿತು. ಆಮೇಲೆ ರಿಸೀವರಿನಲ್ಲಿ ಏನೂ ಇರಲಿಲ್ಲ. ಆಟದ ಫೋನಿನಲ್ಲಿ ಇರುತ್ತಿದ್ದಷ್ಟೇ. ಅದನ್ನು ಕಿವಿಯಿಂದ ತೆಗೆಯಲು ನನಗೆ ತೋಚಲಿಲ್ಲ. ಕಂಬದ ಮೇಲಿಂದ ಕೂಗು ಕೇಳಿಸಿತು: "ಮಡೀಗ್ಬುಡೀ ಅಮ್ಮಾವ್ರೆ!"

ಇಟ್ಟೆ.

ಮಾರನೆಯ ದಿನ ಲೈನು ವಾಪಸು ಮಾಡುವ ಅರ್ಜಿ ಬರೆದೆ. ನಾಲ್ಕು ಸಾಲಿನ ಅರ್ಜಿಯನ್ನು ಆರು ಸಲ ಹರಿದು ಬರೆದೆ. ಕಾರಣ ಎಂಬಲ್ಲಿ ಏನು ಹಾಕುವುದು? 'ಲೈನು ಸುಸ್ಥಿತಿಯಲ್ಲಿದೆ. ಸ್ವಂತ ಅನುಕೂಲಕ್ಕಾಗಿ ಹಿಂತಿರುಗಿಸುತ್ತಿದ್ದೇನೆ' ಎಂದು ಬರೆದೆ. ಆಫೀಸಿನವರು ಅದನ್ನು ಓದಿ, "ಸುಸ್ಥಿತಿಯಲ್ಲಿದ್ರೆ ಯಾಕ್ರೀ ಕೊಡ್ತೀರಿ?" ಎಂದರು. ಅದು ಹಾಗೇ ಇರಲಿ ಸಾರ್ ಎಂದೆ.

ಕೇಬಲ್ಲಿನ ನ್ಯಾಯ ಕೇಬಲ್ಲಿಗೆ ಸಲ್ಲಬೇಕು. ಅದು ಕೆಲಸ ಮಾಡುತ್ತದೆ. ಎಂಟು ತಿಂಗಳಲ್ಲಿ ಒಂದು ದಿನ, ಒಂದು ಗಳಿಗೆ ನಿಂತಿಲ್ಲ. ಮಳೆ ಬಂದರೂ ಇರುತ್ತದೆ, ಮೋರಿ ಅಗೆದರೂ ಇರುತ್ತದೆ. ಪುಟಗಳು ಕಣ್ಣು ಮಿಟುಕಿಸುವುದರೊಳಗೆ ಬೆಂಗಳೂರು ಸೇರುತ್ತವೆ. ಪ್ರಕಾಶಕರು ಸಂತೋಷದಿಂದ ಕೆಲಸ ದುಪ್ಪಟ್ಟು ಮಾಡಿದ್ದಾರೆ. ದಣಿವು ಹೋಗುತ್ತದೆಂದು ಹಾಕಿಸಿಕೊಂಡದ್ದು. ಅದು ಮಾತ್ರ ಎಲ್ಲಿಗೂ ಹೋಗಿಲ್ಲ, ಬೇರೆ ಕುರ್ಚಿಗೆ ಬಂದು ಕೂತಿದೆ. ಮೊದಲಾದರೆ ಹುಳ ಮೇಯುವ ವಾರ ನನಗೂ ರಜೆ ಇತ್ತು. ಹೊಸ ಪೆಟ್ಟಿಗೆಗೆ ಜ್ವರವಿಲ್ಲ, ಚಂದ್ರಿಕೆಯಿಲ್ಲ. ಕ್ಯಾಲೆಂಡರು ನೋಡುವ ಚಾಳಿ ನನಗೆ ಬಿಟ್ಟುಹೋಗಿಲ್ಲ. ಈಗ ಚಾಕಿಯ ಮರಿಹುಳ ತಂದಿರಬೇಕು, ಈಗ ಎರಡು ತಟ್ಟೆ ನಾಲ್ಕಾಗಿರಬೇಕು ಎಂದು ತರಕಾರಿ ಹೆಚ್ಚುತ್ತಾ ಲೆಕ್ಕ ಹಾಕುತ್ತೇನೆ. ಫೋನು ಮಾಡಿ ಕೇಳಬಹುದು. ಅವರ ಮೊಬೈಲ್ ನಂಬರು ನನ್ನಲ್ಲಿದೆ. ಎಂಟು ತಿಂಗಳಲ್ಲಿ ಒಮ್ಮೆಯೂ ಮಾಡಲಿಲ್ಲ. ಲೈನು ಕೆಟ್ಟಿದೆ ಎಂಬುದನ್ನು ಬಿಟ್ಟು ಆ ಮನುಷ್ಯನಿಗೆ ಫೋನು ಮಾಡಿ ಬೇರೇನು ಹೇಳಬೇಕೆಂದು ನಾನು ಕಲಿತೇ ಇರಲಿಲ್ಲ.

ಹೋದ ವಾರ ಗೂಡಿನ ಮಾರುಕಟ್ಟೆಯ ಮುಂದೆ ಹಾದು ಹೋಗುತ್ತಿದ್ದೆ. ಬೆಳಗಿನ ಹೊತ್ತು, ಗೂಡಿನ ಮೂಟೆ ಇಳಿಸುವ ಗಲಾಟೆ. ಟೆಂಪೋ ಹಿಂದುಗಡೆಯಿಂದ "ಅಮ್ಮಾವ್ರೆ!" ಎಂಬ ಕೂಗು. ಅದನ್ನು ಯಾವ ಸಂತೆಯಲ್ಲಾದರೂ ಗುರುತು ಹಿಡಿಯುತ್ತೇನೆ. ಹೊನ್ನಣ್ಣ ಕೊಂಚ ಇಳಿದಿದ್ದರು. ಮುಖ ಮಾತ್ರ ಗೆಲುವಾಗಿತ್ತು. ಮೂಟೆಗೆ ಕೈಹಾಕಿ ಒಂದು ಹಿಡಿ ಗೂಡು ತೆಗೆದು ನನ್ನ ಅಂಗೈ ಮೇಲೆ ಸುರಿದರು. ಬೆಳ್ಳಗೆ, ಗಟ್ಟಿಯಾಗಿದ್ದವು. ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗೆ ಹುಳ ಸದ್ದು ಮಾಡುತ್ತಿತ್ತು.

"ಈ ಸತಿ ಚೆನ್ನಾಗಿ ಬಂದೈತೆ" ಎಂದರು.

"ಪ್ಯಾಟೆ ಕೆಲಸ?"

"ಕರೀನಿಲ್ಲ ಅಮ್ಮಾವ್ರೆ. ಪಟ್ಟೀಲಿ ಹೆಸ್ರಿಲ್ವಲ್ಲ. ಈಗೆಲ್ಲಾ ಹುಳನೇಯ." ಹೇಳಿ, ಮೂಟೆಯ ಬಾಯಿ ಕಟ್ಟುತ್ತಾ, ನನ್ನ ಕಡೆ ನೋಡದೆ ಕೇಳಿದರು. "ನೆಟ್ಟು ಎಂಗೈತೆ?"

ನಾನು ಅಚ್ಚಿನ ತಪ್ಪು ಹಿಡಿಯುವವಳು. ಇರುವುದನ್ನು ಇದ್ದ ಹಾಗೆ ಹೇಳುವುದೇ ನನ್ನ ಕಸುಬು.

"ಎಲ್ಲಿ ಹೊನ್ನಣ್ಣ" ಎಂದೆ. "ದಿನ ಬಿಟ್ಟು ದಿನ ಹೋಗುತ್ತೆ. ಮಳೆ ಬಂತೆಂದರೆ ಮುಗಿದೇ ಹೋಯ್ತು."

ಅವರು ಗಂಟು ಬಿಗಿದು ಎದ್ದು ನಿಂತರು. ಇಪ್ಪತ್ತು ವರ್ಷದಲ್ಲಿ ಅಂಥ ನಗು ನಾನು ಅವರ ಮುಖದಲ್ಲಿ ನೋಡಿರಲಿಲ್ಲ.

"ಓಯ್ತದೆ, ಓಯ್ತದೆ" ಎಂದರು. "ಯಾವ್ದಾದ್ರೂ ತಂತಿನೇಯ ತಾನೇ. ತೂತು ಮುಚ್ಬ್ಯಾಡಿ."